ಚೌಕಳಿಗೂ ಒಂದು ದಫ್ತರ ಬೇಕು

‘ಬ್ರೇವ್’ ಸಿನಿಮಾದಲ್ಲಿ ಬಿಲ್ಲು, ಕತ್ತಿ, ಕರಡಿ, ಮಾಟಗಾತಿ ಎಲ್ಲ ಇದ್ದರೂ ಕತೆ ನಿಂತಿರುವುದು ಒಂದು ಬಟ್ಟೆಯ ಮೇಲೆ. ಸ್ಕಾಟ್ಲೆಂಡಿನ ರಾಜಕುಮಾರಿ ಮೆರಿಡಾಗೆ ಮದುವೆ ಬೇಡ, ತಾಯಿ ಎಲಿನಾರ್ ಪಟ್ಟು ಬಿಡುವುದಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಗೋಡೆಗೆ ತೂಗುಹಾಕಿದ ಬಟ್ಟೆಯಲ್ಲಿ ತಾಯಿ ತನ್ನ ಕೈಯಾರೆ ಇಡೀ ಕುಟುಂಬವನ್ನು ನೂಲಿನಲ್ಲಿ ಚಿತ್ರಿಸಿದ್ದಾಳೆ. ಮಗಳು ಸಿಟ್ಟಿನಲ್ಲಿ ಕತ್ತಿ ಎತ್ತಿ ಅದನ್ನೇ ಸೀಳುತ್ತಾಳೆ. ಸೀಳು ಸರಿಯಾಗಿ ತಾಯಿ ಮಗಳ ಚಿತ್ರಗಳ ನಡುವೆ ಇಳಿಯುತ್ತದೆ. ಮುಂದೆ ತಾಯಿ ಕರಡಿಯಾಗುತ್ತಾಳೆ. ಆಗ ಬಿಲ್ಲುಗಾರ್ತಿ ಮಗಳು ಓಡುವ ಕುದುರೆಯ ಮೇಲೆ ಕೂತು, ಅದುವರೆಗೆ ಮೂಗು ಮುರಿಯುತ್ತಿದ್ದ ಸೂಜಿ ದಾರವನ್ನೇ ಹಿಡಿದು ಆ ಸೀಳನ್ನು ಹೊಲಿಯುತ್ತಾಳೆ. ಪಿಕ್ಸಾರ್ ಸಂಸ್ಥೆ 2012ರಲ್ಲಿ ತೆರೆಗೆ ತಂದ ಈ ಅನಿಮೇಷನ್ ಚಿತ್ರವನ್ನು ನಿರ್ದೇಶಿಸಿದವರು ಮಾರ್ಕ್ ಆಂಡ್ರೂಸ್ ಮತ್ತು ಬ್ರೆಂಡಾ ಚಾಪ್‌ಮನ್. ತನ್ನ ಮತ್ತು ಮಗಳ ನಡುವಿನ ಜಗಳಗಳಿಂದ ಚಾಪ್‌ಮನ್‌ಗೆ ಈ ಕತೆ ಹೊಳೆದದ್ದು. ಮರುವರ್ಷ ಅನಿಮೇಷನ್ ಚಿತ್ರಗಳ ಆಸ್ಕರ್ ಅದಕ್ಕೇ ಬಂತು. ಆ ವಿಭಾಗದಲ್ಲಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಚಾಪ್‌ಮನ್.

ನಮ್ಮ ಮನೆಯ ಹುಡುಗಿಯೊಬ್ಬಳು ಇದನ್ನು ನೋಡುತ್ತ ಕೇಳಿದ ಪ್ರಶ್ನೆ: “ಮಾಮಾ, ರಾಜ ಯಾಕ ಲಂಗಾ ಉಟ್ಟಾನ?” ನಾನು ಬಾಯಿ ತೆರೆಯುವ ಮೊದಲೇ ಅವಳ ಅಜ್ಜಿ ಉತ್ತರ ಕೊಟ್ಟರು: “ಅದು ಲಂಗಾ ಅಲ್ಲಬೇ, ಉಟ್ಟ ಬಟ್ಟಿ. ನಿಮ್ಮ ಮುತ್ಯಾ ಧೋತರ ಉಡತಿದ್ದಿಲ್ಲೇನು, ಹಂಗ.”

ಅಜ್ಜಿಯ ಮಾತು ಇತಿಹಾಸಕ್ಕೆ ಹತ್ತಿರವಾದದ್ದು. ಇವತ್ತು ಸ್ಕಾಟ್ಲೆಂಡಿನ ಮದುವೆ ಮೆರವಣಿಗೆಗಳಲ್ಲಿ ಗಂಡಸರ ಮೈಮೇಲೆ ಕಾಣುವ ಮೊಣಕಾಲುದ್ದದ ಹೊಲಿದ ಕಿಲ್ಟ್ ಈಚಿನದು, ಹದಿನೆಂಟನೆಯ ಶತಮಾನದ್ದು. ಅದಕ್ಕೂ ಹಿಂದಿನ ದೊಡ್ಡ ಕಿಲ್ಟ್ ಹೊಲಿಗೆಯ ಉಡುಪಲ್ಲ. ಸುಮಾರು ನಾಲ್ಕೈದು ಗಜ ಉದ್ದದ ಉಣ್ಣೆ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಹೊದ್ದುಕೊಳ್ಳುತ್ತಿದ್ದರು. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ಮಗ್ಗದ ಅಗಲ ಸಾಲದೆ ಎರಡು ಪಟ್ಟಿ ಬಟ್ಟೆಯನ್ನು ಉದ್ದಕ್ಕೆ ಸೇರಿಸಿ ಅಗಲ ಮಾಡಿಕೊಳ್ಳುತ್ತಿದ್ದರು. ನೆರಿಗೆ, ಸೆರಗು, ಜೋಡಣೆ ಬಲ್ಲ ನಮ್ಮ ಹೆಂಗಸರಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದದ್ದು ಏನೂ ಇಲ್ಲ.

ಆ ಬಟ್ಟೆಯ ಮೇಲಿನ ಚೌಕಳಿಯೇ ಟಾರ್ಟನ್. ‘ಬ್ರೇವ್’ನಲ್ಲಿ ನಾಲ್ಕು ಕುಲಗಳಿವೆ: ಡನ್‌ಬ್ರಾಕ್, ಮ್ಯಾಕ್‌ಗಫಿನ್, ಮ್ಯಾಕಿಂಟಾಷ್, ಡಿಂಗ್ವಾಲ್. ಒಂದೊಂದು ಕುಲಕ್ಕೂ ಒಂದೊಂದು ಚೌಕಳಿ. ಯಾರು ಯಾರ ಕಡೆಯವರೆಂದು ಮಕ್ಕಳು ಹೆಸರು ನೆನಪಿಟ್ಟುಕೊಳ್ಳದೆಯೂ ಬಟ್ಟೆ ನೋಡಿ ಹೇಳಬಹುದು. ಮೆರಿಡಾಳ ಡನ್‌ಬ್ರಾಕ್ ಕುಲವೇ ಕಲ್ಪನೆಯದು, ಅದರ ಚೌಕಳಿಯೂ ಪಿಕ್ಸಾರ್ ಕಲಾವಿದರು ಹೊಸದಾಗಿ ಕಟ್ಟಿದ್ದು. ಉತ್ತರ ಸಮುದ್ರಕ್ಕೆ ನೀಲಿ, ಹೈಲ್ಯಾಂಡ್ ಎಂಬ ಬೆಟ್ಟಸೀಮೆಗೆ ಹಸಿರು, ಕುಲಗಳ ಕಾದಾಟದಲ್ಲಿ ಚೆಲ್ಲಿದ ರಕ್ತಕ್ಕೆ ಮಾಸಲು ಕೆಂಪು. ಇಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಸ್ಕಾಟ್ಲೆಂಡ್ ಸರ್ಕಾರದ ಟಾರ್ಟನ್ ನೋಂದಣಿ ದಫ್ತರದಲ್ಲಿ ಆ ಚೌಕಳಿಯನ್ನು ಹೆಸರು ಸಮೇತ ದಾಖಲಿಸಿದರು. ಇಲ್ಲದ ರಾಜನ, ಇಲ್ಲದ ಕುಲದ ಬಟ್ಟೆಗೆ ಒಂದು ದೇಶದ ಅಧಿಕೃತ ದಾಖಲೆಯಲ್ಲಿ ಜಾಗ ಸಿಕ್ಕಿತು.

ಈ ಸಂಗತಿ ಓದಿದ ದಿನದಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಚೌಕಳಿ ಸೀರೆಯ ಊರು ನಾರಾಯಣಪೇಟೆ.

ರಾಯಚೂರಿನಿಂದ ಕೃಷ್ಣಾ ನದಿ ದಾಟಿದರೆ ತೆಲಂಗಾಣ. ಕೃಷ್ಣಾ ಎಂಬ ಹೆಸರಿನ ಊರು, ಮಾಗನೂರು, ಮಕ್ತಲ್, ಆಮೇಲೆ ನಾರಾಯಣಪೇಟೆ. ಕೆಳಗೆ, ಕೃಷ್ಣಾ ತುಂಗಭದ್ರೆಯರ ನಡುವೆ ಗದ್ವಾಲ. ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದ ನೆಲದ ಪೂರ್ವದ ತುದಿ ಅದು. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ರಾಯಚೂರನ್ನು ಮೈಸೂರಿಗೆ ಕೊಡುವಾಗ ಅವೆರಡನ್ನು ಹೊರಗಿಟ್ಟಿತು. ನಾರಾಯಣಪೇಟೆ, ಮಕ್ತಲ್ ಮೊದಲಿಂದಲೂ ಮಹಬೂಬನಗರ ಜಿಲ್ಲೆಯವು. ಈಗ ನಾರಾಯಣಪೇಟೆಯೇ ಜಿಲ್ಲೆ, 2019ರಿಂದ. ಗದ್ವಾಲ 2016ರಲ್ಲೇ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಗಡಿಗೆರೆ ಎಲ್ಲಿ ಬಿದ್ದರೂ ಸಂತೆಯ ಮಾತು ಬದಲಾಗಲಿಲ್ಲ. ನಾರಾಯಣಪೇಟೆಯ ಬೀದಿಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಸುತ್ತವೆ. ಗಡಿಯುದ್ದಕ್ಕೂ ಸರ್ಕಾರಿ ಕನ್ನಡ ಶಾಲೆಗಳು ಇಂದಿಗೂ ಇವೆ.

ನಾರಾಯಣಪೇಟೆಯ ಸೀರೆಯ ಗುರುತು ಎರಡು. ಮೈತುಂಬ ಚೌಕಳಿ, ಮತ್ತು ದಟ್ಟ ಬಣ್ಣದ ಅಗಲವಾದ ದಡಿ. ದಡಿಯಲ್ಲಿ ಗೋಪುರದ ಸಾಲು, ಸೆರಗಿನಲ್ಲಿ ಕೆಂಪು ಬಿಳಿ ಪಟ್ಟೆ. ಹತ್ತಿಯದೂ ಉಂಟು, ರೇಷ್ಮೆಯದೂ ಉಂಟು. ಒಂದು ಸೀರೆಗೆ ಏಳು ಗಜದ ಹಾಸು ಬೇಕಾದರೆ, ಇಲ್ಲಿ ಎಂಟು ಸೀರೆಗೆ ಸಾಲುವ 56 ಗಜದ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸುವುದು ರೂಢಿ. ಅಂದರೆ ಉದ್ದಗೆರೆಗಳು ಎಂಟಕ್ಕೂ ಒಂದೇ. ಅಡ್ಡಗೆರೆಯಲ್ಲಿ ಬಣ್ಣ ಬದಲಿಸಿ ನೇಕಾರ ಒಂದೊಂದು ಸೀರೆಗೂ ಬೇರೆ ಮುಖ ಕೊಡಬಲ್ಲ.

ಚೌಕಳಿ ನೋಡಲು ಸುಲಭ, ನೇಯಲು ಕಷ್ಟ. ಸಾದಾ ಮೈಯಾದರೆ ಒಂದೇ ಲಾಳಿ ಓಡುತ್ತಿರುತ್ತದೆ. ಚೌಕಳಿಗೆ ಲೆಕ್ಕ ಹಿಡಿದು ಲಾಳಿ ಬದಲಿಸುತ್ತಿರಬೇಕು. ಹೊಕ್ಕಿನಲ್ಲಿ ಎರಡು ಎಳೆ ಹೆಚ್ಚಾದರೆ ಚೌಕ ಉದ್ದವಾಗುತ್ತದೆ, ಬಡಿತ ತುಸು ಜೋರಾದರೆ ಕುಗ್ಗುತ್ತದೆ. ಬೆಳಗಿನ ಕೈಯ ಬಡಿತ ಸಂಜೆಯ ಕೈಗೂ ಇರಬೇಕು. ಹೊಕ್ಕಿನ ಕಂಡಿಕೆ ಸುತ್ತುವವರು, ಹಾಸು ಹೂಡಲು ನೆರವಾಗುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಬಣ್ಣದ ಅನುಕ್ರಮ ತಪ್ಪಿದರೆ ಮೊದಲು ಕಾಣುವುದು ಅವರ ಕಣ್ಣಿಗೆ. ಇನ್ನು ಬಣ್ಣದ ಲೆಕ್ಕ ಟಾರ್ಟನ್‌ಗೂ ಇದಕ್ಕೂ ಒಂದೇ. ಹಾಸಿನಲ್ಲಿ ಮೂರು ಬಣ್ಣ, ಹೊಕ್ಕಿನಲ್ಲಿ ಅದೇ ಮೂರು ಬಣ್ಣ ಇಟ್ಟರೆ ಬಟ್ಟೆಯ ಮೇಲೆ ಆರು ಬಣ್ಣ ಕಾಣುತ್ತವೆ: ಮೂರು ಅಚ್ಚ, ಮೂರು ಬೆರಕೆ. ಆರು ಬಣ್ಣ ಇಟ್ಟರೆ ಇಪ್ಪತ್ತೊಂದು. ಟಾರ್ಟನ್ ಉಣ್ಣೆಯದು, ಎರಡೆರಡು ಎಳೆಯ ಮೇಲೇರಿ ಕೆಳಗಿಳಿಯುವ ಓರೆ ನೇಯ್ಗೆ, ಹಾಗಾಗಿ ಬೆರಕೆಯ ಜಾಗದಲ್ಲಿ ಓರೆಗೆರೆ ಕಾಣುತ್ತದೆ. ನಮ್ಮದು ಸಾದಾ ನೇಯ್ಗೆ, ಬೆರಕೆ ನುಣ್ಣಗೆ ಬರುತ್ತದೆ. ಇಷ್ಟೇ ವ್ಯತ್ಯಾಸ.

ಗದ್ವಾಲದ ಜಾಣ್ಮೆ ಬೇರೆ ಕಡೆ ಇದೆ. ಅಲ್ಲಿ ಮೈ ಹತ್ತಿ, ದಡಿ ಸೆರಗು ರೇಷ್ಮೆ. ಎರಡನ್ನೂ ಹೊಲಿಯುವುದಿಲ್ಲ, ನೇಯುವಾಗಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮೈಗೊಂದು, ಎರಡು ದಡಿಗೆ ಎರಡು, ಹೀಗೆ ಮೂರು ಲಾಳಿ. ಇಳಕಲ್ಲಿನ ಸೆರಗಿನ ಕೊಂಡಿ ಕಂಡವರಿಗೆ ಇದರ ಬಳಗ ಯಾವುದೆಂದು ಹೇಳಬೇಕಿಲ್ಲ. ಗದ್ವಾಲ ಸಂಸ್ಥಾನದ ಕಾಲದಿಂದ ತಿರುಪತಿ ತಿಮ್ಮಪ್ಪನಿಗೆ ಬ್ರಹ್ಮೋತ್ಸವಕ್ಕೆ ಜೋಡಿ ಪಂಚೆ ಹೋಗುವುದು ಇಲ್ಲಿಂದಲೇ. ನೇಕಾರರು 41 ದಿನ ವ್ರತ ಹಿಡಿದು ಅದನ್ನು ನೇಯುತ್ತಾರೆ.

ಟಾರ್ಟನ್ನಿನ ಕತೆಗೆ ಮರಳಬೇಕು, ಯಾಕೆಂದರೆ ಅದು ನಮ್ಮ ನೆಲವನ್ನೂ ತಾಗಿ ಹೋಗಿದೆ. 1746ರ ಏಪ್ರಿಲ್‌ನಲ್ಲಿ ಕಲೋಡನ್ ಕಾಳಗದಲ್ಲಿ ಬೆಟ್ಟಸೀಮೆಯ ಬಂಡಾಯಗಾರರು ಸೋತರು. ಲಂಡನ್ನಿನ ಸಂಸತ್ತು ಅದೇ ವರ್ಷ ಉಡುಪಿನ ಕಾಯ್ದೆ ತಂದಿತು. ಆ ಸೀಮೆಯ ಗಂಡಸರು, ಹುಡುಗರು ಕಿಲ್ಟ್ ಉಟ್ಟರೆ ಆರು ತಿಂಗಳು ಸೆರೆ, ಇನ್ನೊಮ್ಮೆ ಸಿಕ್ಕರೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೈನ್ಯಕ್ಕೆ ಮಾತ್ರ ವಿನಾಯಿತಿ. ಊರಿನಲ್ಲಿ ಅಪರಾಧವಾದ ಬಟ್ಟೆ ದಂಡಿನಲ್ಲಿ ಸಮವಸ್ತ್ರವಾಯಿತು. ಹಾಗೆ ಟಾರ್ಟನ್ ತೊಟ್ಟ ಹೈಲ್ಯಾಂಡ್ ದಳವೊಂದು 1780ರಲ್ಲಿ ಮದ್ರಾಸಿಗೆ ಬಂದಿಳಿಯಿತು. ಅದರ ಅಧಿಕಾರಿ ಡೇವಿಡ್ ಬೈರ್ಡ್, ಅದೇ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಶ್ರೀರಂಗಪಟ್ಟಣದ ಬಂದೀಖಾನೆ ಸೇರಿದ. 1784ರಲ್ಲಿ ಬಿಡುಗಡೆಯಾದ. ಅವನು ನಮ್ಮ ಕಾವೇರಿ ದಂಡೆಯಲ್ಲಿ ಸಂಕೋಲೆಯಲ್ಲಿದ್ದಾಗಲೇ, 1782ರಲ್ಲಿ, ಅವನ ನಾಡಿನಲ್ಲಿ ಆ ಕಾಯ್ದೆ ರದ್ದಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳೂ ಅವನೇ.

ನಿಷೇಧ ಎದ್ದಾಗ ಮೂವತ್ತಾರು ವರ್ಷ ಕಳೆದಿತ್ತು. ಉಟ್ಟವರು ಮುದುಕರಾಗಿದ್ದರು, ನೇಯ್ದವರು ಕಡಿಮೆಯಾಗಿದ್ದರು. ಬಟ್ಟೆಗೆ ಮತ್ತೆ ಜೀವ ಬಂದದ್ದು ಹೇಗೆ? ಬ್ಯಾನಕ್‌ಬರ್ನ್ ಎಂಬಲ್ಲಿ ವಿಲ್ಸನ್ ಎಂಬ ನೇಕಾರ ಮನೆತನವಿತ್ತು. ಅವರು ಸೈನ್ಯಕ್ಕೆ ಟಾರ್ಟನ್ ನೇಯುತ್ತಿದ್ದರು, ಮತ್ತು ಲೆಕ್ಕ ಬರೆದಿಡುತ್ತಿದ್ದರು. ಅವರ 1819ರ ಮಾದರಿ ಪುಸ್ತಕದಲ್ಲಿ 200ಕ್ಕೂ ಹೆಚ್ಚು ಚೌಕಳಿಗಳು ಎಳೆ ಎಣಿಕೆ ಸಮೇತ ಇವೆ: ಇಷ್ಟು ಎಳೆ ಕಪ್ಪು, ಇಷ್ಟು ಹಸಿರು, ಇಷ್ಟು ಕೆಂಪು, ಇಲ್ಲಿಂದ ಹಿಮ್ಮುಖ. ಯಾವ ಕಾಲದ ಯಾವ ನೇಕಾರನಾದರೂ ಅದನ್ನು ನೋಡಿ ಅದೇ ಬಟ್ಟೆಯನ್ನು ಮತ್ತೆ ನೇಯಬಹುದು. 1815ರ ಸುಮಾರಿಗೆ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಯಜಮಾನರಿಗೆಲ್ಲ ನಿಮ್ಮ ಕುಲದ ಟಾರ್ಟನ್ನಿನ ತುಂಡನ್ನು ಮುದ್ರೆಯೊತ್ತಿ ಕಳಿಸಿ ಎಂದು ಕೇಳಿತು. ಕೆಲವು ಯಜಮಾನರಿಗೆ ತಮ್ಮದು ಯಾವುದೆಂದೇ ಗೊತ್ತಿರಲಿಲ್ಲ. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಆ ಸಮಾರಂಭದ ಸೂತ್ರಧಾರ. ರಾಜನೇ ಕಿಲ್ಟ್ ಉಟ್ಟು ನಿಂತ ಮೇಲೆ ಪ್ರತಿ ಮನೆತನಕ್ಕೂ ತನ್ನದೊಂದು ಚೌಕಳಿ ಬೇಕೇಬೇಕಾಯಿತು.

ಹಾಗಾಗಿ ಕುಲಕ್ಕೊಂದು ಟಾರ್ಟನ್ ಎಂಬ ಪದ್ಧತಿ ಅನಾದಿಯದಲ್ಲ, ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದು. ‘ಬ್ರೇವ್’ ನಡೆಯುವುದು ಮಧ್ಯಯುಗದಲ್ಲಿ. ದೊಡ್ಡ ಕಿಲ್ಟಿನ ಬಗ್ಗೆ ಬರವಣಿಗೆಯ ಸಾಕ್ಷಿ ಸಿಗುವುದೇ ಹದಿನಾರನೆಯ ಶತಮಾನದ ಕೊನೆಗೆ. ಚೌಕಳಿ ಬಟ್ಟೆಯೇನೋ ಆ ದೇಶದಲ್ಲಿ ನಿಜಕ್ಕೂ ಹಳೆಯದು. ಫಾಲ್ಕರ್ಕ್‌ನಲ್ಲಿ ರೋಮನ್ ನಾಣ್ಯಗಳ ಕೊಡದೊಂದಿಗೆ ಸಿಕ್ಕ ತುಂಡು ಮೂರನೆಯ ಶತಮಾನದ್ದು. ಆದರೆ ಹಳೆಯದು ಬಟ್ಟೆ, ಕುಲದ ಹಣೆಪಟ್ಟಿಯಲ್ಲ. 1842ರಲ್ಲಿ ಇಬ್ಬರು ಸೋದರರು 1571ರ ಹಸ್ತಪ್ರತಿಯ ಆಧಾರವಿದೆಯೆಂದು ಹೇಳಿ ಟಾರ್ಟನ್‌ಗಳ ದೊಡ್ಡ ಪುಸ್ತಕವನ್ನೇ ಅಚ್ಚುಹಾಕಿಸಿದರು. ಅದು ಖೊಟ್ಟಿ ಎಂದು ಆಮೇಲೆ ಗೊತ್ತಾಯಿತು.

ನಾರಾಯಣಪೇಟೆಗೂ ಇಂಥ ಒಂದು ಕತೆಯಿದೆ. 1630ರಲ್ಲಿ ಶಿವಾಜಿ ಮಹಾರಾಜರು ಈ ಸೀಮೆಯಲ್ಲಿ ಬಿಡಾರ ಹೂಡಿದ್ದರು, ಅವರು ಮುಂದೆ ಹೋದಾಗ ಜೊತೆಗಿದ್ದ ಕೆಲವು ನೇಕಾರರು ಇಲ್ಲೇ ಉಳಿದರು, ಅವರಿಂದ ಈ ಸೀರೆ ಹುಟ್ಟಿತು ಎಂದು. ಸೀರೆಯ ಬಗ್ಗೆ ಬರೆಯುವವರೆಲ್ಲ ಇದನ್ನು ನಕಲು ಮಾಡುತ್ತ ಬಂದಿದ್ದಾರೆ. 1630 ಶಿವಾಜಿ ಶಿವನೇರಿ ಕೋಟೆಯಲ್ಲಿ ಹುಟ್ಟಿದ ವರ್ಷ! ಅವರು ದಕ್ಷಿಣದ ದಂಡಯಾತ್ರೆಗೆ ಹೊರಟು ಹೈದರಾಬಾದಿನಲ್ಲಿ ಕುತುಬ್ ಶಾಹಿ ಸುಲ್ತಾನನನ್ನು ಕಂಡು ಶ್ರೀಶೈಲಕ್ಕೆ ಹೋದದ್ದು 1677ರಲ್ಲಿ. ಈ ಸೀರೆಗೂ ಮರಾಠಿ ಸೀಮೆಗೂ ನಂಟಿದೆ ಎಂಬುದರಲ್ಲಿ ಅನುಮಾನವಿಲ್ಲ, ದಡಿ ಸೆರಗು ನೋಡಿದರೆ ಗೊತ್ತಾಗುತ್ತದೆ. ಆದರೆ ತೊಟ್ಟಿಲ ಕೂಸಿನ ಕೈಗೆ ಕುದುರೆ ಲಗಾಮು ಕೊಟ್ಟು ಈ ಬಟ್ಟೆಯ ಘನತೆ ಹೆಚ್ಚಿಸಬೇಕಾಗಿಲ್ಲ. ಮಗ್ಗದ ಮುಂದೆ ಕೂತ ನೇಕಾರನ ಕೈಯಲ್ಲಿರುವ ಲೆಕ್ಕವೇ ಸಾಕಷ್ಟು ದೊಡ್ಡದು. ಬರೆದಿಡಬೇಕಾದದ್ದು ಅದನ್ನು.

ಈ ಬರೆದಿಡುವ ಕೆಲಸವೇ ನನ್ನ ಹಟ. ಸ್ಕಾಟ್ಲೆಂಡ್ ಸಂಸತ್ತು 2008ರಲ್ಲಿ ಟಾರ್ಟನ್ ನೋಂದಣಿ ಕಾಯ್ದೆ ಮಾಡಿತು, 2009ರ ಫೆಬ್ರುವರಿಯಲ್ಲಿ ದಫ್ತರ ತೆರೆಯಿತು. ಅಲ್ಲಿ ಸಾವಿರಾರು ಚೌಕಳಿಗಳಿವೆ. ಹಳೆಯದೇ ಆಗಬೇಕೆಂಬ ನಿಯಮವಿಲ್ಲ. ಹೆಸರು, ಬಣ್ಣ, ಎಳೆ ಎಣಿಕೆ, ಯಾರಿಗಾಗಿ ಎಂಬ ವಿವರ, ಇಷ್ಟು ಕೊಟ್ಟರೆ ಪರಿಶೀಲಿಸಿ ದಾಖಲಿಸುತ್ತಾರೆ. ಯಾರು ಬೇಕಾದರೂ ತೆರೆದು ನೋಡಬಹುದು. ಅಲ್ಲಿ ನೆಲೆಸಿದ ಸಿಖ್ಖರಿಗೂ ‘ಸಿಂಗ್’ ಹೆಸರಿನ ಟಾರ್ಟನ್ ಇದೆ. ನೋಂದಣಿಯಿಂದ ಯಾರಿಗೂ ಏಕಸ್ವಾಮ್ಯ ಸಿಗುವುದಿಲ್ಲ. ಆದರೆ ಒಂದು ಚೌಕಳಿ ಇನ್ನು ಕಳೆದುಹೋಗುವುದಿಲ್ಲ ಎಂಬ ಭರವಸೆ ಸಿಗುತ್ತದೆ.

ನಮ್ಮಲ್ಲಿ ಇರುವುದು ಭೌಗೋಳಿಕ ಗುರುತು, ಜಿಐ. 1999ರ ಕಾಯ್ದೆ, ಚೆನ್ನೈಯಲ್ಲಿ ಕಚೇರಿ. ಗದ್ವಾಲ ಸೀರೆಗೂ ನಾರಾಯಣಪೇಟೆ ಕೈಮಗ್ಗದ ಸೀರೆಗೂ ಅದು ಸಿಕ್ಕಿದೆ. ಸಿಗಬೇಕಾದದ್ದೇ. ಆದರೆ ಜಿಐ ಕಾಯುವುದು ಊರಿನ ಹೆಸರನ್ನು. ಒಂದೊಂದು ಚೌಕಳಿಗೂ ಅದರದೇ ಹೆಸರು, ಅದರದೇ ಎಣಿಕೆ ಕೊಟ್ಟು ಕಾಪಾಡುವುದು ಅದರ ಕೆಲಸವಲ್ಲ. ಒಬ್ಬ ಹಿರಿಯ ನೇಕಾರ ಮಗ್ಗ ಬಿಟ್ಟೆದ್ದರೆ, ಮಗ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದರೆ, ಆ ಮನೆಯ ಚೌಕಳಿ ಅಲ್ಲಿಗೆ ಮುಗಿಯಿತು. ಇತ್ತ ವಿದ್ಯುತ್ ಮಗ್ಗದಲ್ಲಿ ಅದೇ ನೋಟದ ಬಟ್ಟೆ ಅಗ್ಗಕ್ಕೆ ಇಳಿದು ಬರುತ್ತದೆ. ಕೈಮಗ್ಗಕ್ಕೆ ಮೀಸಲಾದ ಬಟ್ಟೆಗಳ ಕಾಯ್ದೆ 1985ರಿಂದ ಇದೆ, ಅದರಲ್ಲಿ ಸೀರೆಯೂ ಇದೆ. ಆದರೂ ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಹರಡಿದಾಗ ಕೊಳ್ಳುವವರಿಗೆ ಕಾಣುವುದು ಬೆಲೆ ಮಾತ್ರ. ಚೌಕಳಿಗೆ ಹೆಸರಿದ್ದರೆ, ಆ ಹೆಸರಿಗೆ ದಾಖಲೆಯಿದ್ದರೆ, ಕೇಳಲು ಒಂದು ಪ್ರಶ್ನೆಯಾದರೂ ಇರುತ್ತದೆ.

ಇದೇನೂ ಕೋಟಿ ರೂಪಾಯಿಯ ಯೋಜನೆಯಲ್ಲ. ಪೆಟ್ಟಿಗೆಯಲ್ಲಿರುವ ಹಳೆಯ ಸೀರೆಗಳನ್ನು ಹೊರತೆಗೆದು, ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಬಣ್ಣ ಗುರುತಿಸಿ, ಮನೆಯವರು ಕರೆಯುವ ಹೆಸರು ಕೇಳಿ, ಒಂದು ಗೇಣು ತುಂಡನ್ನು ಹೊಸದಾಗಿ ನೇಯಿಸಿ ಅಂಟಿಸಿದರೆ ಒಂದು ಪುಟ ಆಯಿತು. ನೇಕಾರರ ಸಹಕಾರ ಸಂಘಗಳು, ಜಿಲ್ಲೆಯ ಕೈಮಗ್ಗ ಇಲಾಖೆ, ಊರಿನ ಕಾಲೇಜಿನ ಹುಡುಗ ಹುಡುಗಿಯರು ಸೇರಿದರೆ ಆಗುವಂಥದ್ದು. ಹೆಸರುಗಳನ್ನು ತೆಲುಗು, ಕನ್ನಡ, ಮರಾಠಿ ಮೂರರಲ್ಲೂ ಬರೆಯಬೇಕು, ಯಾಕೆಂದರೆ ಮಗ್ಗದ ಮನೆಗಳಲ್ಲಿ ಆ ಮಾತುಗಳೆಲ್ಲ ಇವೆ. ಗಡಿಯ ಕನ್ನಡ ಶಾಲೆಯ ಗಣಿತದ ಮಾಸ್ತರರು ಮಕ್ಕಳಿಗೆ ಮೂರು ಬಣ್ಣದಿಂದ ಆರು ಬಣ್ಣ ಹೇಗಾಗುತ್ತದೆ ಎಂದು ಕಲಿಸಲು ತಮ್ಮದೇ ಊರಿನ ಸೀರೆಗಿಂತ ಒಳ್ಳೆಯ ಪಾಠೋಪಕರಣ ಹುಡುಕಬೇಕಿಲ್ಲ.

ಆಮೇಲೆ ಕತೆ. ಟಾರ್ಟನ್ ಉಳಿಯಲು ದಫ್ತರ ಎಷ್ಟು ಕಾರಣವೋ, ವಾಲ್ಟರ್ ಸ್ಕಾಟ್‌ನ ಕಾದಂಬರಿಗಳಿಂದ ‘ಬ್ರೇವ್’ವರೆಗಿನ ಕತೆಗಳೂ ಅಷ್ಟೇ ಕಾರಣ. ಕಂಪ್ಯೂಟರಿನಲ್ಲಿ ನೆರಿಗೆ ಮಾಡುವುದು ಬಹಳ ಕಷ್ಟದ ಕೆಲಸ. ಪಾತ್ರ ಹೆಜ್ಜೆಯಿಟ್ಟಂತೆ ನೆರಿಗೆ ಅಲುಗಬೇಕು, ಚೌಕಳಿಯ ಗೆರೆ ಮಡಿಕೆಯೊಳಗೆ ಹೋಗಿ ಸರಿಯಾದ ಜಾಗದಲ್ಲಿ ಹೊರಬರಬೇಕು, ಉಣ್ಣೆ ಉಣ್ಣೆಯಂತೆಯೇ ತೂಗಬೇಕು. ಮೆರಿಡಾಳ ತಂದೆ ರಾಜ ಫರ್ಗಸ್‌ನ ಬಟ್ಟೆ ಹಾಗೆ ತೂಗುತ್ತದೆ. ಈ ವಿದ್ಯೆ ನಮಗೆ ದೂರದ್ದಲ್ಲ. ‘ಛೋಟಾ ಭೀಮ್’ ಹುಟ್ಟಿದ್ದು ಹೈದರಾಬಾದಿನ ಸ್ಟುಡಿಯೋದಲ್ಲಿ. ‘ಬ್ರೇವ್’ಗೆ ಆಸ್ಕರ್ ಬಂದ ರಾತ್ರಿಯೇ ದೃಶ್ಯ ಪರಿಣಾಮಗಳ ಆಸ್ಕರ್ ಪಡೆದ ‘ಲೈಫ್ ಆಫ್ ಪೈ’ಗೂ ಹೈದರಾಬಾದಿನ ಕೈಗಳು ದುಡಿದಿದ್ದವು. ಆ ಸ್ಟುಡಿಯೋಗಳಿಂದ ನಾರಾಯಣಪೇಟೆಗೆ ಅರ್ಧ ದಿನದ ದಾರಿಯೂ ಇಲ್ಲ. ಕಂಡಿಕೆ ಸುತ್ತುವ ಮನೆಯ ಹುಡುಗಿಯೊಬ್ಬಳು ನಾಯಕಿಯಾಗಿ, ಅವಳವ್ವನ ಚೌಕಳಿ ಸೀರೆಯ ನೆರಿಗೆ ಕೃಷ್ಣೆಯ ಗಾಳಿಗೆ ಅಲುಗುವಂಥ ಚಿತ್ರವನ್ನು ಮಾಡಬಲ್ಲವರು ಅಲ್ಲಿ ಕೂತು ಈಗ ಬೇರೆಯವರ ಕತೆಗಳಿಗೆ ಬಣ್ಣ ತುಂಬುತ್ತಿದ್ದಾರೆ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 2015ರಿಂದ ಆಚರಣೆಯಲ್ಲಿದೆ. ಹಾರ, ಭಾಷಣ, ರಿಯಾಯಿತಿ ಮಾರಾಟ ನಡೆಯುತ್ತವೆ, ನಡೆಯಲಿ. ಬರುವ ಆಗಸ್ಟ್‌ನಲ್ಲಿ ನಾರಾಯಣಪೇಟೆ ಮತ್ತು ಗದ್ವಾಲದ ಜಿಲ್ಲಾಡಳಿತಗಳು ಅದರ ಜೊತೆಗೆ ಚೌಕಳಿಯ ದಫ್ತರದ ಮೊದಲ ಪುಟವನ್ನೂ ತೆರೆಯಲಿ. ಓದುಗರಲ್ಲೂ ಒಂದು ವಿನಂತಿ: ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯದೋ ಅವ್ವನದೋ ನಾರಾಯಣಪೇಟೆ ಸೀರೆ ಇದ್ದರೆ ಅದನ್ನು ಹರಿದು ಕೌದಿಗೆ ಹಾಕುವ ಮೊದಲು ಬೆಳಕಿನಲ್ಲಿ ಒಂದು ಒಳ್ಳೆಯ ಫೋಟೊ ತೆಗೆಯಿರಿ, ಒಂದು ಚೌಕದ ಎಳೆಗಳನ್ನು ಎಣಿಸಿ ಬರೆದಿಡಿ, ಅದನ್ನು ಏನೆಂದು ಕರೆಯುತ್ತಿದ್ದರೆಂದು ಮನೆಯ ಹಿರಿಯರನ್ನು ಇವತ್ತೇ ಕೇಳಿ.